ಲೇಖನ ಎಣಿಸಿದರೆ ವಿಜ್ಞಾನಿ ಸಿಗುತ್ತಾರೆಯೇ?



ಹೋದ ಶನಿವಾರ ನಮ್ಮ ವಿಜ್ಞಾನ ಸಂಘದಲ್ಲಿ ಒಂದು ಚರ್ಚೆ ನಡೆಯಿತು. "ಹೆಚ್ಚು ಸಂಶೋಧನಾ ಲೇಖನ ಪ್ರಕಟಿಸಿದವರೇ ದೊಡ್ಡ ವಿಜ್ಞಾನಿ" ಅಂತ ಒಂದು ಗುಂಪು ವಾದ ಮಾಡಿತು. ನಾನು ಒಪ್ಪಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು, ನನ್ನ ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ರೊಸಾಲಿಂಡ್ ಫ್ರಾಂಕ್ಲಿನ್ ಹೆಸರು ಕೇಳಿದ ಕೂಡಲೇ ಎಲ್ಲರೂ ಡಿ.ಎನ್.ಎ. ಚಿತ್ರದ ಕಥೆ ಹೇಳುತ್ತಾರೆ. ಆಕೆಗೆ ಅನ್ಯಾಯವಾಯಿತು ಅಂತ ಮರುಗುತ್ತಾರೆ. ಅದು ಸರಿಯೇ. ಆದರೆ ಆಕೆ ತನ್ನ ಕೊನೆಯ ಐದು ವರ್ಷ ದುಡಿದದ್ದು ಒಂದು ಸಸ್ಯ ವೈರಸ್ಸಿನ ಮೇಲೆ. ಇದು ಎಷ್ಟು ಜನಕ್ಕೆ ಗೊತ್ತು?

ತಂಬಾಕಿನ ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಬೀಳುವ ಮೊಸಾಯಿಕ್ ರೋಗವಿದೆಯಲ್ಲ, ಅದನ್ನು ತರುವ ವೈರಸ್ಸೇ ಅದು. ಮನುಷ್ಯ ಮೊಟ್ಟಮೊದಲು ಗುರುತಿಸಿದ ವೈರಸ್ ಕೂಡ ಇದೇ. ಫ್ರಾಂಕ್ಲಿನ್ 1953ರಲ್ಲಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ಬಂದು, ಎಕ್ಸ್-ಕಿರಣದಿಂದ ಅದರ ರಚನೆ ಹುಡುಕಲು ಕೂತರು. ಐದೇ ವರ್ಷದಲ್ಲಿ ವೈರಸ್ ಬಗ್ಗೆ 15ಕ್ಕೂ ಹೆಚ್ಚು ಲೇಖನ ಪ್ರಕಟಿಸಿದರು. ಹಾಗಾದರೆ ಎಣಿಕೆಯಲ್ಲೂ ಆಕೆ ಕಡಿಮೆಯೇನಲ್ಲ. ಆದರೆ ಆ ಲೇಖನಗಳಲ್ಲಿ ಏನಿತ್ತು ಅನ್ನೋದು ಮುಖ್ಯ.

1955ರಲ್ಲಿ ಆಕೆ, ಈ ವೈರಸ್ಸಿನ ಕಡ್ಡಿಗಳೆಲ್ಲ ಒಂದೇ ಉದ್ದ ಇರುತ್ತವೆ ಎಂದು ಬರೆದರು. ಈ ವಿಷಯದಲ್ಲಿ ಆಗ ದೊಡ್ಡ ಹೆಸರಾಗಿದ್ದ ಪಿರಿ ಎಂಬ ವಿಜ್ಞಾನಿ ಸಿಟ್ಟಾಗಿ ಖಂಡಿಸಿದರು. ಯಾರು ಹಿರಿಯರು, ಯಾರ ಲೇಖನ ಜಾಸ್ತಿ ಅಂತ ನೋಡಿದ್ದರೆ ಅಂದು ಪಿರಿಯವರೇ ಗೆಲ್ಲಬೇಕಿತ್ತು. ಆದರೆ ಸತ್ಯ ಫ್ರಾಂಕ್ಲಿನ್ ಕಡೆಗಿತ್ತು. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ, ಅದರಲ್ಲಿ ಮೂರು ಪಾಲು ಈ ಕಡ್ಡಿಯ ಉದ್ದ.

ಕಡ್ಡಿಯ ಒಳಗೇನಿದೆ? ಮುಸುಕಿನ ಜೋಳದ ತೆನೆ ನೆನಪು ಮಾಡಿಕೊಳ್ಳಿ. ಕಾಳುಗಳ ಹಾಗೆ ಪ್ರೋಟೀನ್ ತುಣುಕುಗಳು ಸುರುಳಿಯಾಗಿ ಕೂತಿವೆ. ಸುರುಳಿ ಇರಬೇಕು ಅಂತ ವಾಟ್ಸನ್ ಮೊದಲೇ ಹೇಳಿದ್ದರು. ಫ್ರಾಂಕ್ಲಿನ್ ಅದನ್ನು ಖಚಿತಪಡಿಸಿದ್ದಲ್ಲದೆ, ರೋಗ ಹರಡುವ ಆರ್.ಎನ್.ಎ. ದಾರ ನಡುವಿನ ಟೊಳ್ಳಿನಲ್ಲಿಲ್ಲ, ಪ್ರೋಟೀನಿನ ಒಳಗೇ ಹುದುಗಿಕೊಂಡು ಸುತ್ತುತ್ತದೆ ಎಂದು 1956ರಲ್ಲಿ ತೋರಿಸಿದರು.

ಅದೇ ವರ್ಷ ಆಕೆಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆದರೂ ಕೆಲಸ ಬಿಡಲಿಲ್ಲ. ಬ್ರಸೆಲ್ಸ್‌ನ ವಿಶ್ವ ಪ್ರದರ್ಶನಕ್ಕೆ ಸೈಕಲ್ ಹ್ಯಾಂಡಲ್ಲಿನ ಪ್ಲಾಸ್ಟಿಕ್ ಹಿಡಿ, ಟೇಬಲ್ ಟೆನಿಸ್ ಚೆಂಡು ತರಿಸಿ ವೈರಸ್ಸಿನ ಮಾದರಿ ಕಟ್ಟಿದರು. 1958ರ ಏಪ್ರಿಲ್ 16ರಂದು, 37ನೇ ವಯಸ್ಸಿಗೇ ತೀರಿಕೊಂಡರು. ಪ್ರದರ್ಶನ ಶುರುವಾದದ್ದು ಮಾರನೇ ದಿನ.

ಲೇಖನದ ಲೆಕ್ಕ ಅಲ್ಲಿಗೆ ಮುಗಿಯಿತು. ಪ್ರಭಾವ ಮುಗಿಯಲಿಲ್ಲ. ಆಕೆ ಶುರು ಮಾಡಿದ್ದ ಪೋಲಿಯೊ ವೈರಸ್ಸಿನ ಕೆಲಸವನ್ನು ಜೊತೆಗಾರರಾದ ಫಿಂಚ್ ಮತ್ತು ಕ್ಲೂಗ್ ಮುಂದುವರಿಸಿ, 1959ರ ಲೇಖನವನ್ನು ಆಕೆಯ ನೆನಪಿಗೆ ಅರ್ಪಿಸಿದರು. ಆರನ್ ಕ್ಲೂಗ್ 1982ರಲ್ಲಿ ನೊಬೆಲ್ ಪಡೆದಾಗ, ತನ್ನನ್ನು ವೈರಸ್ ಅಧ್ಯಯನಕ್ಕೆ ಎಳೆದವರು ಫ್ರಾಂಕ್ಲಿನ್ ಎಂದು ತಮ್ಮ ಭಾಷಣದಲ್ಲೇ ಹೇಳಿದರು. ಆಕೆಯ ಸಮಾಧಿಯ ಕಲ್ಲಿನ ಮೇಲೂ ವೈರಸ್ಸಿನ ಕೆಲಸವನ್ನೇ ಕೆತ್ತಿದ್ದಾರೆ. ಡಿ.ಎನ್.ಎ. ಮಾತು ಅಲ್ಲಿಲ್ಲ.

"ಎಣಿಸದೆ ಅಳೆಯೋದು ಹೇಗೆ?" ಅಂತ ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರೆದು ಪ್ರಕಟಿಸದಿದ್ದರೆ ಕಂಡುಹಿಡಿದದ್ದು ಯಾರಿಗೂ ತಲುಪುವುದಿಲ್ಲ, ನಿಜ. ಆದರೆ ರಾಗಿ ಅಳೆಯುವಾಗ ಹೊಟ್ಟನ್ನೂ ಸೇರಿಸಿ ಅಳೆಯುತ್ತೇವೆಯೇ? ಎಷ್ಟು ಬರೆದರು ಅಂತ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಬೇಕು. ಬರೆದದ್ದು ಪರೀಕ್ಷೆಗೆ ನಿಂತಿತೇ? ಅದನ್ನು ಹಿಡಿದು ಇನ್ನೊಬ್ಬರು ಮುಂದೆ ಹೋದರೇ?

ಈ ಮಾತು ನಮಗೂ ಸೇರುತ್ತದೆ. ವಿಜ್ಞಾನ ವಸ್ತುಪ್ರದರ್ಶನದಲ್ಲಿ ಯಾವ ತಂಡದ್ದು ಎಷ್ಟು ಚಾರ್ಟು ಅಂತ ಎಣಿಸುತ್ತೇವೆ. ಈ ಸಲ ಒಂದೇ ಚಾರ್ಟು ಇದ್ದರೂ ಅದರ ಮುಂದೆ ನಿಂತು, "ಇದು ನಿಮಗೆ ಹೇಗೆ ಗೊತ್ತಾಯಿತು?" ಅಂತ ಕೇಳೋಣ. ಜೊತೆಗೆ, ಕೆಲಸ ಮಾಡಿದವರೆಲ್ಲರ ಹೆಸರನ್ನೂ ಅದರ ಕೆಳಗೆ ಬರೆಯೋಣ.

ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದುಕೊಡಿ. ಜಗಳವಿಲ್ಲದೆ ವಾದ ಮಾಡೋಣ.

– 10ನೇ ತರಗತಿಯ ವಿದ್ಯಾರ್ಥಿನಿ