ಹೆದರುವುದಾದರೆ ಸರಿಯಾದುದಕ್ಕೆ ಹೆದರೋಣ

ನಮ್ಮ ಬೀದಿಯ ತಾರಸಿಯೊಂದರ ಮೇಲೆ ಮೊಬೈಲ್ ಟವರ್ ಬರುತ್ತದೆಂದು ತಿಳಿದಾಗ ನಾವು ಹೆಂಗಸರೆಲ್ಲ ಒಂದಾದೆವು. ಅರ್ಜಿ ಬರೆದವಳು ನಾನೇ; ಅರವತ್ತು ಸಹಿ ಬಿದ್ದವು. ಅದೇ ವಾರ ನನ್ನ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರಲಿಲ್ಲ. ರಾತ್ರಿಯೆಲ್ಲ ಕಣ್ಣಿಗೆ ಮರಳು ಸುರಿದಂತೆ ಉರಿ, ರೆಪ್ಪೆ ತೆರೆಯಲಾರಳು. ಅಜ್ಜಿ ದೃಷ್ಟಿ ತೆಗೆದರಂತೆ. ವಿಚಾರಿಸಿದರೆ, ಸಂಜೆ ಶಾಲೆಯ ಪಕ್ಕದ ಗ್ರಿಲ್ ಅಂಗಡಿಯ ಮುಂದೆ ನಿಂತು ವೆಲ್ಡಿಂಗ್ ನೋಡಿದ್ದಳು. ಆ ಅಂಗಡಿಯ ಮೇಲೆ ನಾವು ಒಂದು ಮಾತೂ ಆಡಿದವರಲ್ಲ.

ನಾನು ಬಿ.ಎ., ಬಿ.ಎಡ್., ಸಮಾಜ ಪಾಠದವಳು. ಸಂಕೋಚ ಬಿಟ್ಟು ನಮ್ಮ ವಿಜ್ಞಾನದ ಮೇಡಂ ಹತ್ತಿರ ಕೂತು ಕೇಳಿಕೊಂಡೆ. ವಿದ್ಯುದಾವೇಶ ಹಿಂದೆಮುಂದೆ ಅಲುಗಿದರೆ ವಿದ್ಯುತ್ಕಾಂತೀಯ ಅಲೆ ಹೊರಡುತ್ತದೆ. 1887ರಲ್ಲಿ ಜರ್ಮನಿಯ ಹರ್ಟ್ಸ್ ಕಿಡಿ ಹಾರಿಸಿ ಅದನ್ನು ತೋರಿಸಿದ. ರೇಡಿಯೋ ಅಲೆ, ಕೆಂಡದ ಕಾವು, ಬೆಳಕು, ನೇರಳಾತೀತ ಕಿರಣ, ಎಕ್ಸ್‌ರೇ ಎಲ್ಲ ಒಂದೇ ಮನೆತನ. ಗುಣ ಮಾತ್ರ ಬೇರೆ. ಅಲೆಯ ಉದ್ದ ಕಿರಿದಾದಷ್ಟೂ ಅದರ ಒಂದೊಂದು ಕಣದ ಪೆಟ್ಟು ಜೋರು. ಟವರಿನ ಅಲೆಯನ್ನು ಮೈ ಹೀರಿಕೊಂಡರೆ ಅದು ಕಾವಾಗುತ್ತದೆ. ಅಣುವನ್ನು ಒಡೆಯುವಷ್ಟು ಬಲ ಅದರ ಕಣಕ್ಕಿಲ್ಲ. ವೆಲ್ಡಿಂಗಿನಲ್ಲಿ ಸಾವಿರಾರು ಡಿಗ್ರಿ ಕಾದ ಅನಿಲ ನೇರಳಾತೀತ ಕಿರಣ ಸೂಸುತ್ತದೆ. ಕಣ್ಣಿನ ಮುಂಪೊರೆ ಅದನ್ನು ಹೀರಿಕೊಂಡು ಬೇಯುತ್ತದೆ. ನೋವು ಕಾಣಿಸುವುದು ಕೆಲವು ಗಂಟೆಗಳ ಮೇಲೆ. ಅದಕ್ಕೇ ನಾವು ದೃಷ್ಟಿ ತೆಗೆಯುತ್ತಾ ಕೂರುವುದು.

ಹಾಗಾದರೆ ಟವರನ್ನು ಪ್ರಶ್ನಿಸಬಾರದೆ? ಧಾರಾಳವಾಗಿ ಪ್ರಶ್ನಿಸೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಇಂಥ ಅಲೆಗಳನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಪಟ್ಟಿಗೆ ಸೇರಿಸಿತು. 2012ರಲ್ಲಿ ನಮ್ಮ ಸರ್ಕಾರ ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲಿಗೆ ಇಳಿಸಿತು. ಆ ಮಿತಿ ಪಾಲಿಸಿದ್ದಾರೆಯೇ ಎಂದು ಕೇಳುವುದು ನಮ್ಮ ಹಕ್ಕು. ಆದರೆ ಅದೇ ಸಂಸ್ಥೆ 2017ರಲ್ಲಿ ವೆಲ್ಡಿಂಗಿನ ನೇರಳಾತೀತ ಕಿರಣವನ್ನು ಕ್ಯಾನ್ಸರ್ ತರುತ್ತದೆಂದು ಖಚಿತವಾಗಿ ಹೇಳುವ ಪಟ್ಟಿಗೇ ಹಾಕಿತು. ಅನುಮಾನಕ್ಕೆ ಅರವತ್ತು ಸಹಿ, ಖಚಿತವಾದುದಕ್ಕೆ ಒಂದೂ ಇಲ್ಲ!

ಯಾಕೆ ಗೊತ್ತೆ? ಟವರು ಪರರದು, ಗ್ರಿಲ್ಲು ನಮ್ಮದೇ ಕಿಟಕಿಯದು. ನೂರು ರೂಪಾಯಿಗೆ ಚೌಕಾಸಿ ಮಾಡುವ ನಾವು, ಬರಿಯ ಕೂಲಿಂಗ್ ಗ್ಲಾಸು ಹಾಕಿಕೊಂಡು ಬೆಸುಗೆ ಹಾಕುವ ಹುಡುಗನಿಗೆ ಮುಖವಾಡ ಯಾಕಿಲ್ಲ ಎಂದು ಕೇಳಿದ್ದೇವೆಯೆ? ಬೇಕಿರುವುದು ಅವನಿಗೊಂದು ಮುಖವಾಡ, ರಸ್ತೆಯ ಕಡೆಗೊಂದು ತಗಡಿನ ಮರೆ, ಅಷ್ಟೆ.

ಹುಡುಗಿಯ ಕಣ್ಣು ಎರಡು ದಿನದಲ್ಲಿ ವಾಸಿಯಾಯಿತು. ನಾನು ಇನ್ನೊಂದು ಅರ್ಜಿ ಬರೆದಿದ್ದೇನೆ. ಈವರೆಗೆ ಏಳು ಸಹಿ ಬಿದ್ದಿವೆ.