ಕಸದೊಳಗಣ ಕಿಚ್ಚು

ಕಳೆದ ಮಾಘದಲ್ಲಿ ಕುಂಸಿಯ ಆಪ್ತರೊಬ್ಬರ ಮನೆಗೆ ಹೋಗಿದ್ದೆವು. ಹಿತ್ತಿಲಿನಲ್ಲಿ ಹಳೆಯ ಗೋಬರ್ ಗ್ಯಾಸ್ ಗುಂಡಿಯೊಂದು ಅಡಿಕೆ ಸಿಪ್ಪೆ, ಊಟದೆಲೆಗಳಿಂದ ತುಂಬಿಹೋಗಿತ್ತು. ಮನೆಯ ಹಿರಿಯ ತಾಯಿ, "ಶಾಸ್ತ್ರಿಗಳೇ, ಸಿಲಿಂಡರ್ ಬಂತು, ಕೊಟ್ಟಿಗೆಯಲ್ಲಿ ಎರಡೇ ಹಸು ಉಳಿದವು, ಇದು ಹಾಳುಬಿತ್ತು" ಎಂದರು. ಅಂದೇ ಬೆಳಿಗ್ಗೆ ರಸ್ತೆಬದಿಯಲ್ಲಿ ಸಿಪ್ಪೆಯ ರಾಶಿಗಳು ಹೊಗೆಯಾಡುವುದನ್ನು ಕಂಡಿದ್ದೆವು. ಉರಿಯಬಲ್ಲುದನ್ನು ವ್ಯರ್ಥವಾಗಿ ಸುಟ್ಟು, ಉರಿಗಾಗಿ ಹಣ ತೆರುವುದು ಎಂತಹ ವಿಪರ್ಯಾಸ!

ನಮ್ಮ ನೆರೆಯ ಭದ್ರಾವತಿ ಈ ವಿಷಯದಲ್ಲಿ ಒಂದು ಪಾಠವನ್ನು ಎಂದೋ ಕಲಿಸಿದೆ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ ಮೈಸೂರು ಸಂಸ್ಥಾನವು 1918ರಲ್ಲಿ ಸ್ಥಾಪಿಸಿದ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯತೊಡಗಿತು. ಅಲ್ಲಿ ಕಟ್ಟಿಗೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಕುಲುಮೆಗೆ ಇದ್ದಿಲು ಪಡೆದರು. ಹೊಗೆಯನ್ನು ಆಕಾಶಕ್ಕೆ ಬಿಡದೆ ತಣಿಸಿ ಮೆಥನಾಲ್ ಎಂಬ ಮರದ ಮದ್ಯಸಾರ, ಟಾರು ಮೊದಲಾದವನ್ನು ಸಂಗ್ರಹಿಸಿದರು. ಹೊಗೆಯೂ ಸಂಪತ್ತೆಂಬುದು ಅಂದೇ ಸಿದ್ಧವಾಯಿತು. ಆದರೆ ಅದಕ್ಕೆ ಆಹುತಿಯಾದುದು ಮಲೆನಾಡಿನ ಮರ. ಇಂದು ಮರವನ್ನು ಉಳಿಸಿ, ಸಿಪ್ಪೆಗೆ ಅದೇ ಸಂಸ್ಕಾರ ನೀಡಬಹುದು.

ಒಂದೊಂದು ಕಸಕ್ಕೆ ಒಂದೊಂದು ದಾರಿ. ಅಡಿಕೆ ಸಿಪ್ಪೆಯ ನಾರು ಗಟ್ಟಿ. ಗುಂಡಿಯ ಸೂಕ್ಷ್ಮಜೀವಿಗಳಿಗೆ ಅದು ಬೇಗ ಜೀರ್ಣವಾಗದು. ಅದನ್ನು ಇದ್ದಿಲು ಮಾಡುವುದೇ ಲೇಸು. ಅನ್ನ, ತರಕಾರಿ ಸಿಪ್ಪೆಗಳು ಗುಂಡಿಯಲ್ಲಿ ಸುಲಭವಾಗಿ ಅನಿಲವಾಗುತ್ತವೆ. ಸಗಣಿಯು ಹಸು ಸತ್ವ ಹೀರಿದ ಬಳಿಕದ ಉಳಿಕೆ. ಆದುದರಿಂದ ತೂಕಕ್ಕೆ ತೂಕ ನೋಡಿದರೆ ಅಡುಗೆಮನೆಯ ಉಳಿಕೆಯೇ ಹೆಚ್ಚು ಅನಿಲ ಕೊಡುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಶುದ್ಧಗೊಳಿಸಿದರೆ ಅದು ವೇಗವರ್ಧಕಗಳಿಗೆ ಆಧಾರವಾಗುತ್ತದೆ. ವೇಗವರ್ಧಕವೆಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ವಸ್ತು. ಬಾಳೆಗಿಡದ ಬೂದಿಯ ಕ್ಷಾರವೂ ಅಂತಹುದೇ. ಕರಿದುಳಿದ ಎಣ್ಣೆಯನ್ನು ಮೆಥನಾಲಿನೊಡನೆ ಬೆರೆಸಿ ಜೈವಿಕ ಡೀಸೆಲ್ ಮಾಡಲು ನೆರವಾಗುತ್ತದೆ. ಮೆಥನಾಲ್ ವಿಷವಾದುದರಿಂದ ಇದು ಮನೆಯ ಕೆಲಸವಲ್ಲ, ಕಾರ್ಖಾನೆಯದು.

ಮನೆಗೆ ಒದಗುವುದು ಗುಂಡಿಯೇ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ, ಊರವರು ತಂದು ಸುರಿದ ಸಗಣಿಯ ಅನಿಲವು ಯಂತ್ರ ನಡೆಸಿ ಮನೆಗಳಿಗೆ ಬೆಳಕನ್ನೂ ನೀರನ್ನೂ ಕೊಟ್ಟಿತು. ಉಳಿದ ಬಗ್ಗಡ ಗೊಬ್ಬರವಾಗಿ ಊರವರಿಗೇ ಮರಳಿತು.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆ. ದಾಸೋಹದ ಮೇಲೆ ಗಂಟೆಗಟ್ಟಲೆ ಉಪನ್ಯಾಸ ಮಾಡಿದ ನಾವೇ, ಮಗಳ ಮದುವೆಯಲ್ಲಿ ಮಿಕ್ಕ ಅನ್ನವನ್ನು ಹಳ್ಳಕ್ಕೆ ಸುರಿಸಿದವರು. ಮರುದಿನ ಆ ಹಳ್ಳದ ನಾತವು ನಮ್ಮ ಮಾತಿನ ಬೆಲೆಯನ್ನು ನಮಗೆ ತಿಳಿಸಿತು. ಹಸಿದವರಿಗೆ ಮೊದಲು, ದನಗಳಿಗೆ ಆಮೇಲೆ, ಕೆಟ್ಟುದು ಮಾತ್ರ ಗುಂಡಿಗೆ ಎಂಬ ಕ್ರಮವನ್ನು ಅಂದಿನಿಂದ ಪಾಲಿಸುತ್ತಿದ್ದೇವೆ.

ಕುಂಸಿಯ ಆ ಮನೆಯವರು ಗುಂಡಿಯನ್ನು ಮೇಲಿನಿಂದಲೇ ತೋಡಿ ಹಸನು ಮಾಡಿಸಿದರು. ಹಳೆಯ ಗುಂಡಿಗೆ ಯಾರನ್ನೂ ಇಳಿಸಕೂಡದು. ಅಲ್ಲಿ ನಿಂತ ವಿಷಗಾಳಿ ಕ್ಷಣದಲ್ಲಿ ಪ್ರಾಣ ತೆಗೆದೀತು. ಎರಡು ಹಸುಗಳ ಸಗಣಿಗೆ ಅಡುಗೆಮನೆಯ ಉಳಿಕೆಯನ್ನು ದಿನವೂ ಸ್ವಲ್ಪಸ್ವಲ್ಪವೇ ಕೂಡಿಸಿದರು. ಒಮ್ಮೆಲೇ ಸುರಿದರೆ ಗುಂಡಿ ಹುಳಿಯುತ್ತದೆ. ಕೆಲವು ವಾರಗಳ ಬಳಿಕ ಒಲೆಯಲ್ಲಿ ನೀಲಿ ಜ್ವಾಲೆ ಮೂಡಿತಂತೆ. ದಿನದ ಅಡುಗೆಗೆಲ್ಲ ಸಾಲದು, ಸಿಲಿಂಡರ್ ಇನ್ನೂ ಇದೆ. ಆದರೆ ಬೆಳಗಿನ ಹಾಲು ಕಾಯುವುದು ಈ ಉರಿಯಲ್ಲೇ ಎಂದು ಆ ತಾಯಿ ಹೇಳಿಕಳಿಸಿದ್ದಾರೆ. ನಮ್ಮ ಓದುಗರ ಹಿತ್ತಿಲಲ್ಲಿಯೂ ಇಂತಹ ಗುಂಡಿಯಿದ್ದರೆ, ಒಮ್ಮೆ ಅದರ ಮುಚ್ಚಳ ತೆಗೆದು ನೋಡಬೇಕೆಂಬುದು ನಮ್ಮ ಅರಿಕೆ.