ಪುಟ್ ಮತ್ತು ಅದರ ಹಿಂದಿನ ಪುಟ್ಟ ಪದಗಳು

ಕಳೆದ ವರ್ಷ ಪ್ರಥಮ ಪಿಯುಸಿಗೆ ಸೇರಿದ ಎರಡನೇ ತಿಂಗಳಲ್ಲೇ ನನ್ನ ಅಕ್ಕನ ಮದುವೆ ಇತ್ತು. ಮೂರು ದಿನ ರಜೆ ಬೇಕಿತ್ತು. ಹತ್ತನೇ ತರಗತಿವರೆಗೆ ನಾನು ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಅಲ್ಲಿ 'ಇವರಿಗೆ', 'ಇವರಿಂದ', 'ಮಾನ್ಯರೇ' ಎಂದು ಬರೆದು ಕೆಳಗೆ ಅಬ್ಬಾನ ಸಹಿ ಹಾಕಿಸಿದರೆ ಮುಗಿಯಿತು. ಇಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು ಅಂದರು. ಮನಸ್ಸಿನಲ್ಲಿ ಇದ್ದದ್ದು 'ಮೂರು ದಿನ ರಜೆ ಹಾಕುತ್ತಿದ್ದೇನೆ' ಅಂತ. ಅದನ್ನೇ ಬರೆದೆ: 'ಐ ಆಮ್ ಪುಟಿಂಗ್ ಲೀವ್ ಫಾರ್ ತ್ರೀ ಡೇಸ್'.

ಪಕ್ಕದವಳು ಅದನ್ನು ಓದಿದಳು. ಅರ್ಜಿ ಹಿಂದಿನ ಬೆಂಚಿಗೆ ಹೋಯಿತು, ಅಲ್ಲಿಂದ ಇನ್ನೂ ಹಿಂದಕ್ಕೆ. 'ಪಿಯುಸಿಗೆ ಬಂದಿದಾಳೆ, ಪಿ-ಯು-ಟಿ ಬರಲ್ಲ' ಅಂತ ಯಾರೋ ಅಂದರು. ಇಡೀ ತರಗತಿ ನಕ್ಕಿತು. ಈಗ ಯೋಚಿಸಿದರೆ ಜೋಕು ಚೆನ್ನಾಗಿಯೇ ಇತ್ತು, ಆದರೆ ಅವತ್ತು ನಗು ಬರಲಿಲ್ಲ. ಅರ್ಜಿ ವಾಪಸ್ ಬಂದಾಗ 'ಪುಟಿಂಗ್' ಮೇಲೆ ಕೆಂಪು ಗೀಟು, ಅದರ ಮೇಲೆ 'ಅಪ್ಲೈಯಿಂಗ್ ಫಾರ್' ಎಂದು ಬರೆದಿತ್ತು. ಯಾಕೆ ತಪ್ಪು ಅಂತ ಇರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಆಮೇಲೆ ಸುಮಾರು ಐದು ತಿಂಗಳು ಇಂಗ್ಲಿಷ್ ಪೀರಿಯಡ್‌ನಲ್ಲಿ ನಾನು 'ಎಸ್ ಸರ್' ಬಿಟ್ಟು ಬೇರೆ ಮಾತು ಆಡಲಿಲ್ಲ.

ನನ್ನಂತೆ ಬಾಯಿ ಮುಚ್ಚಿಕೊಂಡು ಕೂರುವವರು ಪ್ರತಿ ಸೆಕ್ಷನ್‌ನಲ್ಲೂ ಇದ್ದಾರೆ. ಕನ್ನಡ ಮಾಧ್ಯಮದಿಂದ ಬಂದವರು, ಉರ್ದು ಮಾಧ್ಯಮದಿಂದ ಬಂದವರು. ಅಕೌಂಟೆನ್ಸಿ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ, ಉತ್ತರವನ್ನು ಪಕ್ಕದವರ ಕೈಯಲ್ಲಿ ಹೇಳಿಸುವವರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎರಡನೇ ವರ್ಷಕ್ಕೆ ಬಂದ ಮೇಲೆ ಒಂದು ಖಾಲಿ ಪೀರಿಯಡ್‌ನಲ್ಲಿ ಲೈಬ್ರರಿಯ ದಪ್ಪ ಇಂಗ್ಲಿಷ್ ನಿಘಂಟು ತೆಗೆದು 'ಪುಟ್' ನೋಡಿದೆ. ಮೂರೇ ಅಕ್ಷರದ ಕ್ರಿಯಾಪದ, ವಿವರಣೆ ಮಾತ್ರ ಕಾಲಂ ಮೇಲೆ ಕಾಲಂ. ಮೊದಲ ಅರ್ಥ ನಮಗೆಲ್ಲ ಗೊತ್ತಿರುವ 'ಇಡು'. ಮುಂದೆ ಹೋದಂತೆ 'ಪುಟ್ ಆಫ್' ಎಂದರೆ ಮುಂದೂಡು, 'ಪುಟ್ ಔಟ್' ಎಂದರೆ ಬೆಂಕಿ ಆರಿಸು, 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊ. 'ಪುಟ್ ಡೌನ್' ಒಂದಕ್ಕೇ ಎಷ್ಟೊಂದು: ಕೆಳಗಿಡು, ಬರೆದುಕೊ, ದಂಗೆ ಅಡಗಿಸು, ಕಾಯಿಲೆ ಬಿದ್ದ ಪ್ರಾಣಿಗೆ ಇಂಜೆಕ್ಷನ್ ಕೊಟ್ಟು ಸಾಯಿಸು, ನಾಲ್ಕು ಜನರ ಮುಂದೆ ಅವಮಾನ ಮಾಡು. ಕೊನೆಯದರ ಅನುಭವ ನನಗೆ ಆಗಲೇ ಆಗಿತ್ತು.

ಹಾಗೇ ಓದುತ್ತಾ 'ಪುಟ್ ಇನ್ ಫಾರ್' ಎಂಬ ಕಡೆ ಬೆರಳು ನಿಂತಿತು. ಅರ್ಥ: ರಜೆ, ವರ್ಗಾವಣೆ ಮುಂತಾದವುಗಳಿಗೆ ಅರ್ಜಿ ಹಾಕು. 'ಐ ಹ್ಯಾವ್ ಪುಟ್ ಇನ್ ಫಾರ್ ಲೀವ್' ಎಂಬುದು ಇಂಗ್ಲಿಷರೇ ಆಡುವ ಸರಿಯಾದ ಮಾತು. ಅಂದರೆ ಅವತ್ತು ತರಗತಿ ನಕ್ಕ ನನ್ನ ವಾಕ್ಯದಲ್ಲಿ ಇಲ್ಲದೆ ಹೋದದ್ದು 'ಇನ್' ಮತ್ತು 'ಫಾರ್' ಎಂಬ ಎರಡು ಪುಟ್ಟ ಪದಗಳು, ಅಷ್ಟೇ! ಲೈಬ್ರರಿಯಲ್ಲಿ ಮಾತಾಡಬಾರದು ಎಂದು ಸುಮ್ಮನಿದ್ದೆ, ಇಲ್ಲದಿದ್ದರೆ ಕೂಗಿಬಿಡುತ್ತಿದ್ದೆ.

ಅವತ್ತು ರಾತ್ರಿ ಕನ್ನಡದ 'ಹಾಕು' ಬಗ್ಗೆ ಯೋಚಿಸುತ್ತಾ ಮಲಗಿದೆ. ನಾವು ಏನೆಲ್ಲ ಹಾಕುತ್ತೇವೆ ನೋಡಿ. ಬಟ್ಟೆ ಹಾಕುತ್ತೇವೆ, ಬೀಗ ಹಾಕುತ್ತೇವೆ, ಸಹಿ, ಓಟು, ಕೇಸು, ಗೊಬ್ಬರ, ಹೆಜ್ಜೆ, ಶಾಪ, ಕಣ್ಣೀರು ಎಲ್ಲ ಹಾಕುತ್ತೇವೆ. ಈದ್ ಹಿಂದಿನ ರಾತ್ರಿ ಮೆಹಂದಿ ಹಾಕುತ್ತೇವೆ. ಫ್ಯಾನ್ ಹಾಕುತ್ತೇವೆ. ಲೆಕ್ಕ ಹಾಕುತ್ತೇವೆ. ಪರರ ವಸ್ತುವಿನ ಮೇಲೆ ಕಣ್ಣು ಹಾಕುತ್ತೇವೆ. ನಮ್ಮ ಮನೆಯ ಆಡು ಕಳೆದ ತಿಂಗಳು ಎರಡು ಮರಿ ಹಾಕಿತು. ಇದನ್ನು 'ದ ಗೋಟ್ ಪುಟ್ ಟೂ ಕಿಡ್ಸ್' ಎಂದರೆ ಇಂಗ್ಲಿಷ್ ಬಲ್ಲವನು, ಎಲ್ಲಿ ಇಟ್ಟಿತು ಎಂದು ಕೇಳಿಯಾನು. ಬೀಗ ಹಾಕಿದ್ದಕ್ಕೆ, ಸಹಿ ಹಾಕಿದ್ದಕ್ಕೆ, ಓಟು ಹಾಕಿದ್ದಕ್ಕೆ ಇಂಗ್ಲಿಷಿನಲ್ಲಿ 'ಪುಟ್' ಬೇಕಾಗಿಯೇ ಇಲ್ಲ. ಲಾಕ್, ಸೈನ್, ವೋಟ್ ಎಂಬ ಪದಗಳೇ ಕ್ರಿಯಾಪದಗಳು. ಮೆಹಂದಿಗೆ 'ಅಪ್ಲೈ'. ಆದರೆ 'ಪುಟ್ ದ ಫ್ಯಾನ್' ಎಂದವರನ್ನು ನೋಡಿ ನಗುವ ಮೊದಲು ತಿಳಿಯಿರಿ, 'ಪುಟ್ ದ ಫ್ಯಾನ್ ಆನ್' ಪೂರ್ತಿ ಸರಿ. ಇಲ್ಲೂ ಬಿಟ್ಟುಹೋದದ್ದು ಒಂದು ಪುಟ್ಟ ಪದ.

ಟೋಪಿಯ ವಿಷಯವನ್ನು ಹೇಳದಿದ್ದರೆ ಆಗದು. ನನ್ನ ತಮ್ಮ ನಮಾಜಿಗೆ ಟೋಪಿ ಹಾಕಿಕೊಂಡ ಎನ್ನುವುದಕ್ಕೂ ನನಗೆ ಟೋಪಿ ಹಾಕಿದ ಎನ್ನುವುದಕ್ಕೂ ಕನ್ನಡದಲ್ಲಿ ಎಷ್ಟು ವ್ಯತ್ಯಾಸ! 'ಕೊಂಡ' ಎಂಬ ಬಾಲ ಬಿದ್ದುಹೋದರೆ ಒಳ್ಳೆಯ ಹುಡುಗ ಮೋಸಗಾರನಾಗುತ್ತಾನೆ. ಇಂಗ್ಲಿಷಿನಲ್ಲಿ 'ಪುಟ್ ಆನ್ ಎ ಕ್ಯಾಪ್' ಎಂದರೆ ಟೋಪಿ ಹಾಕಿಕೊ; ಬೆಲೆಯ ಮೇಲೋ ಖರ್ಚಿನ ಮೇಲೋ 'ಪುಟ್ ಎ ಕ್ಯಾಪ್' ಎಂದರೆ ಮಿತಿ ಹೇರು. ನಾವು ಕನ್ನಡದಲ್ಲಿ ಇಂಥ ಸೂಕ್ಷ್ಮವನ್ನು ಯಾರೂ ಹೇಳಿಕೊಡದೆ ಐದನೇ ವಯಸ್ಸಿಗೇ ಕಲಿತವರು. ಇಂಗ್ಲಿಷಿನದೂ ಅದೇ ಜಾತಿಯ ಕಷ್ಟ, ಬೇರೆ ಏನಲ್ಲ. ಹೇಗೂ ಬಟ್ಟೆಯ ಮಾತು ಬಂತಲ್ಲ, 'ಪುಟ್ ಆನ್' ಎಂದರೆ ಹಾಕಿಕೊಳ್ಳುವ ಆ ಒಂದು ನಿಮಿಷದ ಕೆಲಸ ಮಾತ್ರ. ದಿನವಿಡೀ ಮೈಮೇಲೆ ಇದ್ದರೆ ಅದಕ್ಕೆ 'ವೇರ್'.

ನನ್ನ ಮನೆಮಾತು ದಖ್ಖನಿ. ಅಲ್ಲೂ ಇದೇ ಕಥೆ. ಅರ್ಜಿಗೂ ಓಟಿಗೂ 'ಡಾಲ್ನಾ', ಹಾಜರಿಗೂ ಬೀಗಕ್ಕೂ 'ಲಗಾನಾ'. ಇನ್ನೊಂದು ಸಂಗತಿ ನೋಡಿ ನನಗೆ ಆಶ್ಚರ್ಯವಾಯಿತು. ಉರ್ದುವಿನಲ್ಲಿ 'ಮಾರ್ ಡಾಲಾ' ಎನ್ನುತ್ತಾರೆ, ಕನ್ನಡದಲ್ಲಿ 'ಕೊಂದು ಹಾಕಿದ'. ಎರಡರಲ್ಲೂ ಯಾರೂ ಏನನ್ನೂ ಎಲ್ಲೂ ಹಾಕುತ್ತಿಲ್ಲ. ಕೆಲಸ ಪೂರ್ತಿ ಮುಗಿಯಿತು ಎಂದು ಹೇಳುವುದಕ್ಕೆ ಆ ಪದ ಬಂದಿದೆ. 'ತಿಂದು ಹಾಕಿದ' ಎಂಬುದೂ ಹಾಗೆಯೇ. ಒಂದು ದ್ರಾವಿಡ ಭಾಷೆ, ಇನ್ನೊಂದು ಬೇರೆಯದೇ ಕುಟುಂಬದ್ದು, ಆದರೂ ಉಪಾಯ ಒಂದೇ. ಇಂಗ್ಲಿಷಿನಲ್ಲಿ ಈ ಕೆಲಸವನ್ನು 'ಪುಟ್' ಮಾಡುವುದಿಲ್ಲ, 'ಅಪ್' ಮಾಡುತ್ತದೆ: 'ಹೀ ಏಟ್ ಇಟ್ ಅಪ್'. ಹೀಗಾಗಿ ಕನ್ನಡ ಮಾಧ್ಯಮದವರೂ ಉರ್ದು ಮಾಧ್ಯಮದವರೂ ಒಂದೇ ಜಾಗದಲ್ಲಿ ಎಡವುತ್ತೇವೆ. ಅದು ದಡ್ಡತನವಲ್ಲ, ನಮ್ಮ ತಲೆಯಲ್ಲಿ ಮೊದಲೇ ಇರುವ ಒಂದು ವ್ಯಾಕರಣ.

'ಪುಟ್' ಎಂಬುದೂ ಮೊದಲಿನಿಂದ 'ಇಡು' ಆಗಿರಲಿಲ್ಲ. ಹಳೆಯ ಅರ್ಥ ತಳ್ಳು, ನೂಕು. ಆ ಅರ್ಥ ಇನ್ನೂ ನಮ್ಮ ಆಟದ ಮೈದಾನದಲ್ಲಿ ಉಳಿದಿದೆ: ಶಾಟ್‌ಪುಟ್. ಗಂಡಸರಿಗೆ 7.26 ಕೆ.ಜಿ., ಹೆಂಗಸರಿಗೆ 4 ಕೆ.ಜಿ. ತೂಕದ ಗುಂಡನ್ನು ಕುತ್ತಿಗೆಯ ಬಳಿ ಹಿಡಿದು, ಒಂದೇ ಕೈಯಿಂದ, ಭುಜದ ಮಟ್ಟದಿಂದ ಮುಂದಕ್ಕೆ ನೂಕಬೇಕು. ಚೆಂಡು ಎಸೆದ ಹಾಗೆ ಕೈಯನ್ನು ಹಿಂದಕ್ಕೆ ಬೀಸಿ ಎಸೆದರೆ ಫೌಲ್. ನಾವು ಕನ್ನಡದಲ್ಲಿ ಅದನ್ನು 'ಗುಂಡು ಎಸೆತ' ಎನ್ನುತ್ತೇವೆ, ಅಂದರೆ ನಿಯಮ ಯಾವುದನ್ನು ಬೇಡ ಎನ್ನುತ್ತದೋ ಅದನ್ನೇ ಆಟಕ್ಕೆ ಹೆಸರಿಟ್ಟಿದ್ದೇವೆ. ದೈಹಿಕ ಶಿಕ್ಷಣದ ಸರ್ ಇದನ್ನು ಓದಿದರೆ ಕ್ಷಮಿಸಲಿ.

ಉಚ್ಚಾರಣೆಯಲ್ಲೂ ನಮ್ಮನ್ನು ಗೇಲಿ ಮಾಡುತ್ತಾರೆ. ಪಿ-ಯು-ಟಿ ಪುಟ್ ಆದರೆ ಬಿ-ಯು-ಟಿ ಬುಟ್ ಯಾಕಲ್ಲ? ಒಂದು ಕಾಲಕ್ಕೆ ಇಂಗ್ಲಿಷರು ಎರಡನ್ನೂ ಒಂದೇ ಸ್ವರದಲ್ಲಿ ಹೇಳುತ್ತಿದ್ದರು. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಕಡೆ ಅನೇಕ ಪದಗಳ ಸ್ವರ ಬದಲಾಗುತ್ತಾ ಹೋಯಿತು. ಪುಟ್, ಪುಲ್, ಪುಶ್, ಫುಲ್ ಮುಂತಾದವು ಹಳೆಯ ಸ್ವರದಲ್ಲೇ ಉಳಿದವು. ಉತ್ತರ ಇಂಗ್ಲೆಂಡಿನಲ್ಲಿ ಇಂದಿಗೂ ಬಹಳ ಜನ 'ಬಟ್' ಎನ್ನಲು 'ಬುಟ್' ಎಂಬಂತೆಯೇ ಹೇಳುತ್ತಾರೆ. ಅವರನ್ನು ನೋಡಿ ನಮ್ಮ ತರಗತಿ ನಗುತ್ತದೆಯೇ?

ಪರೀಕ್ಷೆಗೆ ಬೇಕಾದ ಒಂದು ಮಾತು. ಪುಟ್, ಪುಟ್, ಪುಟ್ — ಮೂರು ರೂಪವೂ ಒಂದೇ, 'ಪುಟೆಡ್' ಇಲ್ಲ. ಹಿಂದೆ ಭೂತಕಾಲಕ್ಕೆ ಕೊನೆಯಲ್ಲಿ ಒಂದು ಬಾಲ ಇತ್ತು, ಅದು ಸವೆದುಹೋಯಿತು. ಕಟ್, ಹಿಟ್, ಶಟ್, ಸೆಟ್ ಕೂಡ ಹೀಗೆಯೇ. ಆದ್ದರಿಂದ 'ಹೀ ಪುಟ್ಸ್' ಎಂದಿದ್ದರೆ ವರ್ತಮಾನ, 'ಹೀ ಪುಟ್' ಎಂದಿದ್ದರೆ ಭೂತ. ಕಾಲವನ್ನು ಗುರುತಿಸಲು ಆ ಒಂದು 'ಎಸ್' ಬಿಟ್ಟರೆ ಬೇರೆ ಗುರುತಿಲ್ಲ.

ಹಾಗಾದರೆ ಏನು ಬರೆದರೂ ನಡೆಯುತ್ತದೆ ಎನ್ನುತ್ತೀಯಾ ಎಂದು ಗೆಳತಿ ಕೇಳಿದಳು. ಇಲ್ಲ. 'ಡೋಂಟ್ ಪುಟ್ ಸೀನ್' ಎಂದು ಕ್ಯಾಂಟೀನಿನಲ್ಲಿ ನಾನೂ ಹೇಳುತ್ತೇನೆ, ಉತ್ತರ ಪತ್ರಿಕೆಯಲ್ಲಿ ಬರೆಯುವುದಿಲ್ಲ. ನನ್ನ ಅರ್ಜಿಯ ಮೇಲೆ ಬಿದ್ದ ಕೆಂಪು ಗೀಟು ಸರಿಯಾಗಿಯೇ ಇತ್ತು. ಆದರೆ ಗೀಟಿನ ಪಕ್ಕ ಅರ್ಧ ಸಾಲಿನ ಕಾರಣ ಇದ್ದಿದ್ದರೆ ನನ್ನ ಐದು ತಿಂಗಳು ಉಳಿಯುತ್ತಿತ್ತು. ಅಧ್ಯಾಪಕರಿಗೆ ಎಷ್ಟು ಕಾಪಿ ತಿದ್ದಬೇಕಾಗುತ್ತದೆ ಎಂಬುದು ನನಗೆ ಗೊತ್ತು. ಎಲ್ಲ ತಪ್ಪಿಗೂ ಕಾರಣ ಬರೆಯಿರಿ ಎಂದು ಕೇಳುತ್ತಿಲ್ಲ. ಕನ್ನಡದಿಂದ, ಉರ್ದುವಿನಿಂದ ನೇರವಾಗಿ ಇಳಿದು ಬಂದ ತಪ್ಪುಗಳಿಗೆ ಮಾತ್ರ ಸಾಕು. ಅವನ್ನು ಒಬ್ಬರಿಗೆ ಬಿಡಿಸಿ ಹೇಳಿದರೆ ಅರ್ಧ ತರಗತಿಗೆ ಹೇಳಿದಂತೆ.

ನಗುವವರಿಗೂ ಒಂದು ಮಾತು. ಮುಂದಿನ ಸಲ ಯಾರಾದರೂ 'ಸರ್, ಪುಟ್ ಮೈ ಅಟೆಂಡೆನ್ಸ್' ಎಂದಾಗ, ಅದನ್ನು ಸರಿಯಾಗಿ ಹೇಗೆ ಹೇಳಬೇಕು ಎಂಬುದು ನಿಮಗೆ ಗೊತ್ತಿದ್ದರೆ ಹೇಳಿಕೊಡಿ. 'ಮಾರ್ಕ್ ಮಿ ಪ್ರೆಸೆಂಟ್' ಎಂದು ಎಷ್ಟು ಜನರಿಗೆ ಗೊತ್ತಿತ್ತು? ನನಗಂತೂ ಕಳೆದ ವಾರದವರೆಗೆ ಗೊತ್ತಿರಲಿಲ್ಲ.

ಗುರುವಾರ ಕೊನೆಯ ಪೀರಿಯಡ್ ಎರಡು ಸೆಕ್ಷನ್‌ಗಳಿಗೆ ಖಾಲಿ ಇದೆ. ಆ ಹೊತ್ತಿನಲ್ಲಿ ಲೈಬ್ರರಿಯ ಪಕ್ಕದ ಕೋಣೆಯಲ್ಲಿ ಅರ್ಧ ಗಂಟೆ ಕೂತು ಇಂಥ ಒಂದೊಂದೇ ಪದ ಹಿಡಿದು ಮಾತಾಡಬಹುದು: ಹಾಕು, ಹೊಡೆ, ಬಿಡು, ಹಿಡಿ. ಇಂಗ್ಲಿಷ್ ವಿಭಾಗದವರನ್ನು ಕೇಳಿದೆ, ಹತ್ತು ಜನ ಹೆಸರು ಕೊಟ್ಟರೆ ಬರುತ್ತೇವೆ ಅಂದರು. ನೋಟಿಸ್ ಬೋರ್ಡಿನ ಪಕ್ಕ ಹಾಳೆ ಅಂಟಿಸಿದ್ದೇನೆ, ಮೊದಲ ಹೆಸರು ನನ್ನದೇ. ನೀವೂ ನಿಮ್ಮ ಹೆಸರು ಹಾಕಿ. ಇದನ್ನು ಇಂಗ್ಲಿಷಿನಲ್ಲಿ ಹೇಳಲು 'ಪುಟ್' ಬಳಸಬಹುದು, 'ಪುಟ್ ಯುವರ್ ನೇಮ್ ಡೌನ್'. 'ಡೌನ್' ಮಾತ್ರ ಮರೆಯಬೇಡಿ.